ಟ್ಯಾಗ್ ಸಾಕ್ಷಿ ಹೇಳುವುದು ಪೊಟ್ಟಣಕ್ಕೆ, ಒಳಗಿನ ಔಷಧಕ್ಕಲ್ಲ

2023ರ ಅಕ್ಟೋಬರ್‌ನಲ್ಲಿ ಯುರೋಪಿನ ಔಷಧ ಸಂಸ್ಥೆ ಇಎಂಎ ಒಂದು ಎಚ್ಚರಿಕೆ ಹೊರಡಿಸಿತು. ಮಧುಮೇಹಕ್ಕೆ ಕೊಡುವ ಒಜೆಂಪಿಕ್ ಚುಚ್ಚುಮದ್ದಿನ ನಕಲಿ ಪೆನ್‌ಗಳು ಯುರೋಪ್ ಒಕ್ಕೂಟ ಮತ್ತು ಬ್ರಿಟನ್ನಿನ ಸಗಟು ವ್ಯಾಪಾರಿಗಳಲ್ಲಿ ಪತ್ತೆಯಾಗಿದ್ದವು. ಅವು ಹೊರಟದ್ದು ಆಸ್ಟ್ರಿಯಾ ಮತ್ತು ಜರ್ಮನಿಯ ಸಗಟು ವ್ಯಾಪಾರಿಗಳಿಂದ. ಪೊಟ್ಟಣದ ಮೇಲೆ ಜರ್ಮನ್ ಭಾಷೆಯ ಬರಹವಿತ್ತು. ಬ್ಯಾಚ್ ಸಂಖ್ಯೆ, ಚೌಕಾಕಾರದ ಕೋಡ್, ಸರಣಿ ಸಂಖ್ಯೆ ಎಲ್ಲವೂ ಇದ್ದವು. ಒಂದೂ ಕಟ್ಟುಕಥೆಯ ಸಂಖ್ಯೆಯಲ್ಲ. ಅಸಲಿ ಪೊಟ್ಟಣಗಳಿಂದಲೇ ಎತ್ತಿಕೊಂಡ ನಿಜವಾದ ಸಂಖ್ಯೆಗಳು. ಕಣ್ಣಿಗೂ ಸ್ಕ್ಯಾನರಿಗೂ ಆ ಸಂಖ್ಯೆಗಳು ಸಾಚಾ ಆಗಿಯೇ ಕಂಡವು. ಆದರೆ ಸ್ಕ್ಯಾನರ್ ಓದಿದ ಸಂಖ್ಯೆ, ತಯಾರಕರು ತಮ್ಮ ಪೊಟ್ಟಣಗಳ ಸಂಖ್ಯೆಗಳನ್ನು ನೋಂದಾಯಿಸುವ ಕೇಂದ್ರ ದಾಖಲೆಗೆ ಹೋಗಿ ತಲುಪಿದಾಗ ಉತ್ತರ ಬೇರೆಯಾಗಿತ್ತು: ಈ ಸಂಖ್ಯೆ ಚಾಲ್ತಿಯಲ್ಲಿಲ್ಲ.

ವಂಚನೆ ಬಯಲಾದದ್ದು ಆ ಒಂದು ಉತ್ತರದಿಂದ. ಔಷಧಗಳಿಗೆ ಎಲೆಕ್ಟ್ರಾನಿಕ್ ಗುರುತು ಅಂಟಿಸಿ, ಕಾರ್ಖಾನೆಯಿಂದ ರೋಗಿಯ ಕೈವರೆಗೆ ಅವುಗಳ ಹಾದಿಯನ್ನು ಹಿಂಬಾಲಿಸುವ ಬಗ್ಗೆ ಎರಡು ದಶಕಗಳಿಂದ ಚರ್ಚೆ ನಡೆದಿದೆ. ಆ ಚರ್ಚೆಯ ಬಹುಪಾಲು ಯಾವ ಚಿಪ್ ಬೇಕು, ಎಷ್ಟು ದೂರದಿಂದ ಓದಬಹುದು, ನಕಲು ಮಾಡಲು ಎಷ್ಟು ಕಷ್ಟ ಎಂಬುದರ ಸುತ್ತಲೇ ಸುತ್ತುತ್ತದೆ. ಚಿಪ್ಪಿನ ಜಾಣ್ಮೆ ಮುಖ್ಯವೇ. ಆದರೆ ಜೀವ ಉಳಿಯುವುದು ಅದನ್ನು ಯಾರು, ಯಾವ ಹೊತ್ತಿನಲ್ಲಿ ಓದುತ್ತಾರೆ, ಬಂದ ಉತ್ತರಕ್ಕೆ ಯಾರು ಓಗೊಡುತ್ತಾರೆ ಎಂಬುದರ ಮೇಲೆ. ಅದೇ ತಿಂಗಳು ಆಸ್ಟ್ರಿಯಾದಲ್ಲಿ, ಒಜೆಂಪಿಕ್ ಎಂದು ನಂಬಿ ಚುಚ್ಚಿಕೊಂಡ ಹಲವರ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದು ಆಸ್ಪತ್ರೆ ಸೇರಬೇಕಾಯಿತು. ಆ ಪೆನ್‌ಗಳೊಳಗೆ ಇನ್ಸುಲಿನ್ ಇದ್ದಿರಬೇಕೆಂದು ಅಲ್ಲಿನ ಅಧಿಕಾರಿಗಳು ಶಂಕಿಸಿದರು. ಸಂಖ್ಯೆಯನ್ನು ಯಾರೂ ಕೇಳದ ದಾರಿಯಲ್ಲಿ ಔಷಧ ಬಂದರೆ ಆಗುವುದು ಇದು.

ಅಲೆಯಿಂದ ಓದುವುದು, ಬೆಳಕಿನಿಂದ ಓದುವುದು

ಗುರುತುಗಳಲ್ಲಿ ಎರಡು ಕುಲಗಳಿವೆ. ಒಂದು, ಮುದ್ರಿಸಿದ ಕೋಡ್. ಅದನ್ನು ಓದಲು ಬೆಳಕು ಬೇಕು, ನೇರ ನೋಟ ಬೇಕು, ಒಂದೊಂದನ್ನೇ ಸ್ಕ್ಯಾನರಿನ ಮುಂದೆ ಹಿಡಿಯಬೇಕು. ಇನ್ನೊಂದು ಆರ್‌ಎಫ್‌ಐಡಿ, ಅಂದರೆ ರೇಡಿಯೊ ಅಲೆಗಳಿಂದ ಓದಿಸಿಕೊಳ್ಳುವ ಟ್ಯಾಗ್. ಸಾಸಿವೆಗಿಂತ ಸಣ್ಣ ಚಿಪ್, ಅದಕ್ಕೆ ಅಂಟಿದ ತೆಳುವಾದ ಲೋಹದ ಆಂಟೆನಾ, ಇಷ್ಟೇ. ಔಷಧಗಳ ಮೇಲಿನ ಟ್ಯಾಗ್‌ಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ರೀಡರ್ ಕಳಿಸಿದ ಅಲೆಯಿಂದಲೇ ಚಿಪ್ ಶಕ್ತಿ ಪಡೆದು, ತನ್ನೊಳಗಿನ ಸಂಖ್ಯೆಯನ್ನು ಮರಳಿ ಹೇಳುತ್ತದೆ. 860ರಿಂದ 960 ಮೆಗಾಹರ್ಟ್ಸ್ ನಡುವಿನ ಅಲೆಗಳಲ್ಲಿ ಕೆಲಸ ಮಾಡುವ ಟ್ಯಾಗ್‌ಗಳನ್ನು ಹಲವು ಮೀಟರ್ ದೂರದಿಂದ, ಒಂದೇ ಬಾರಿಗೆ ನೂರಾರು ಸಂಖ್ಯೆಯಲ್ಲಿ ಓದಬಹುದು. 13.56 ಮೆಗಾಹರ್ಟ್ಸ್‌ನ ಟ್ಯಾಗ್‌ಗಳಿಗೆ ರೀಡರ್ ಹತ್ತಿರ ಬರಬೇಕು. ಮೊಬೈಲ್ ಫೋನ್ ತಾಗಿಸಿ ಓದುವ ಎನ್‌ಎಫ್‌ಸಿ ಈ ಎರಡನೆಯ ಗುಂಪಿನದು. ಅದಕ್ಕೆ ಕೆಲವೇ ಸೆಂಟಿಮೀಟರ್ ಅಂತರ ಸಾಕು.

ಎರಡೂ ಬಗೆಯಲ್ಲಿ ಹೊರುವ ಮಾಹಿತಿ ಹೆಚ್ಚು ಕಡಿಮೆ ಒಂದೇ. ಉತ್ಪನ್ನದ ಸಂಖ್ಯೆ, ಆ ಒಂದು ಪೊಟ್ಟಣಕ್ಕೆ ಮಾತ್ರ ಸೇರಿದ ಸರಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ. ಟ್ಯಾಗ್‌ನಲ್ಲಿ ಜಾಗ ಕಡಿಮೆಯಿದ್ದರೆ ಸಂಖ್ಯೆಯೊಂದೇ ಇರುತ್ತದೆ, ಉಳಿದ ವಿವರ ದಾಖಲೆಯಲ್ಲಿ. ಹಾಗಾದರೆ ಹೆಚ್ಚು ಖರ್ಚಿನ ಟ್ಯಾಗ್ ಏಕೆ?

ಉತ್ತರ ಸಗಟು ಗೋದಾಮಿನಲ್ಲಿದೆ. ಒಂದು ಪೆಟ್ಟಿಗೆಯಲ್ಲಿ ನೂರು ಪೊಟ್ಟಣಗಳಿವೆ ಎಂದುಕೊಳ್ಳಿ. ಮುದ್ರಿತ ಕೋಡ್ ಆದರೆ ಪೆಟ್ಟಿಗೆ ಒಡೆದು, ನೂರನ್ನೂ ಹೊರತೆಗೆದು, ಒಂದೊಂದಾಗಿ ಓದಬೇಕು. ಸಾವಿರಾರು ಪೆಟ್ಟಿಗೆ ಬಂದು ಹೋಗುವ ಕಡೆ ಇದು ಆಗದ ಮಾತು. ಆದ್ದರಿಂದ ಕಾರ್ಖಾನೆಯಲ್ಲೇ, ಈ ಪೆಟ್ಟಿಗೆಯ ಸಂಖ್ಯೆಯಡಿ ಇಂಥಿಂಥ ನೂರು ಪೊಟ್ಟಣಗಳಿವೆ ಎಂದು ದಾಖಲಿಸುತ್ತಾರೆ. ಗೋದಾಮಿನವರು ಪೆಟ್ಟಿಗೆಯ ಸಂಖ್ಯೆಯನ್ನಷ್ಟೇ ಓದಿ, ಒಳಗಿರುವುದು ದಾಖಲೆಯಂತೆಯೇ ಇದೆ ಎಂದು ನಂಬಿ ಮುಂದೆ ಸಾಗಿಸುತ್ತಾರೆ. ಗಮನಿಸಿ, ಇಲ್ಲಿ ಪರಿಶೀಲನೆ ನಡೆದಿಲ್ಲ, ನಂಬಿಕೆ ಕೈಬದಲಾಗಿದೆ. ಯಾರಾದರೂ ಪೆಟ್ಟಿಗೆ ಬಿಚ್ಚಿ ಹತ್ತು ಪೊಟ್ಟಣ ತೆಗೆದು ಬೇರೆ ಹತ್ತನ್ನು ಇಟ್ಟು ಮತ್ತೆ ಅಂಟಿಸಿದರೆ ದಾಖಲೆಗೆ ಅದು ತಿಳಿಯುವುದಿಲ್ಲ. ರೇಡಿಯೊ ಟ್ಯಾಗ್ ಇದ್ದಿದ್ದರೆ ಪೆಟ್ಟಿಗೆ ಮುಚ್ಚಿದ್ದಂತೆಯೇ ನೂರೂ ತಮ್ಮ ತಮ್ಮ ಸಂಖ್ಯೆ ಹೇಳುತ್ತಿದ್ದವು. ಟ್ಯಾಗ್‌ನ ನಿಜವಾದ ಹೆಚ್ಚುಗಾರಿಕೆ ಇದು. ಇದನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ, ಏಕೆಂದರೆ ನಕಲಿ ಸರಕು ನುಸುಳುವ ಸಂದು ಬಹಳ ಸಲ ಸಗಟು ವ್ಯಾಪಾರದ ಈ ಮಧ್ಯದ ಕೈಗಳಲ್ಲೇ ಇರುತ್ತದೆ.

2007ಕ್ಕೆ ಬರಬೇಕಿದ್ದದ್ದು

ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2004ರ ಫೆಬ್ರವರಿಯಲ್ಲಿ ನಕಲಿ ಔಷಧಗಳ ಬಗ್ಗೆ ಒಂದು ವರದಿ ಪ್ರಕಟಿಸಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಕೊಲೆಸ್ಟರಾಲ್ ಇಳಿಸುವ ಲಿಪಿಟಾರ್ ಮಾತ್ರೆಗಳ ನಕಲು ಪತ್ತೆಯಾಗಿ, ಲಕ್ಷಾಂತರ ಮಾತ್ರೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಳ್ಳಲಾಗಿತ್ತು. ಔಷಧದ ಹಾದಿಯನ್ನು ಹಿಂಬಾಲಿಸಲು ಆರ್‌ಎಫ್‌ಐಡಿಯೇ ಅತ್ಯಂತ ಭರವಸೆಯ ದಾರಿ ಎಂದ ವರದಿ, 2007ರ ಹೊತ್ತಿಗೆ ಅದು ವ್ಯಾಪಕವಾಗಿ ಬಳಕೆಗೆ ಬರಬಹುದೆಂದು ನಿರೀಕ್ಷಿಸಿತು. ಕಂಪನಿಗಳೂ ಮುಂದೆ ಬಂದವು. ದುರುಪಯೋಗಕ್ಕೆ ಹೆಸರಾದ ನೋವು ನಿವಾರಕ ಆಕ್ಸಿಕಾಂಟಿನ್ ಬಾಟಲಿಗಳಿಗೆ ಪರ್ಡ್ಯೂ ಫಾರ್ಮಾ ಟ್ಯಾಗ್ ಹಾಕಿತು. ಅತಿ ಹೆಚ್ಚು ನಕಲಾಗುತ್ತಿದ್ದ ವಯಾಗ್ರಕ್ಕೆ ಫೈಜರ್ ಹಾಕಿತು. ಎಚ್‌ಐವಿ ಔಷಧ ಟ್ರೈಜಿವಿರ್‌ಗೆ ಗ್ಲಾಕ್ಸೊಸ್ಮಿತ್‌ಕ್ಲೈನ್ ಹಾಕಿತು. ಇದೆಲ್ಲ 2004ರಿಂದ 2006ರ ನಡುವಿನ ಮಾತು.

2007 ಬಂದು ಹೋಯಿತು, ಆ ನಿರೀಕ್ಷೆ ಕೈಗೂಡಲಿಲ್ಲ. ಕಾರಣಗಳಲ್ಲಿ ಮೊದಲನೆಯದು ಭೌತಶಾಸ್ತ್ರ. ಔಷಧಗಳು ಬರುವುದು ದ್ರವದ ಬಾಟಲಿಗಳಲ್ಲಿ, ಲೋಹದ ಹಾಳೆಯ ಸ್ಟ್ರಿಪ್‌ಗಳಲ್ಲಿ. ದೂರ ಓದುವ ಟ್ಯಾಗ್‌ಗಳ ಅಲೆಯನ್ನು ನೀರು ಹೀರುತ್ತದೆ, ಲೋಹ ಹಿಂದಕ್ಕೆ ಚಿಮ್ಮಿಸುತ್ತದೆ. ನೂರರಲ್ಲಿ ತೊಂಬತ್ತೇಳನ್ನು ಓದಿದ ರೀಡರ್ ಚಿಲ್ಲರೆ ಬಟ್ಟೆ ಅಂಗಡಿಗೆ ಸಾಕಾಗಬಹುದು. ಔಷಧಕ್ಕೆ ಸಾಲದು, ಏಕೆಂದರೆ ಉಳಿದ ಮೂರು ಇಲ್ಲವೋ, ಇದ್ದೂ ಉತ್ತರಿಸಲಿಲ್ಲವೋ, ಅಥವಾ ಅವೇ ನಕಲಿಯೋ ಎಂಬುದು ತಿಳಿಯದು. ಎರಡನೆಯದು, ಅಲೆಯ ಶಕ್ತಿ ಪ್ರೋಟೀನಿನಿಂದ ತಯಾರಾದ ನಾಜೂಕು ಔಷಧಗಳ ಮೇಲೆ ಏನು ಮಾಡೀತು ಎಂಬ ಅಳುಕು. ಎಫ್‌ಡಿಎ ತಾನು ಉತ್ತೇಜಿಸಿದ ಪ್ರಯೋಗಗಳಿಂದಲೇ ಜೈವಿಕ ಔಷಧಗಳನ್ನು ಹೊರಗಿಟ್ಟಿತ್ತು.

ಮೂರನೆಯ ಕಾರಣ ಹಣ, ಮತ್ತು ಅದರೊಳಗಿನ ಅಸಮತೋಲನ. ಟ್ಯಾಗ್ ಅಂಟಿಸುವ ಖರ್ಚು ತಯಾರಕರದು. ರೀಡರ್ ಕೊಳ್ಳುವ, ತಂತ್ರಾಂಶ ಕೂರಿಸುವ, ಸಿಬ್ಬಂದಿಗೆ ಕಲಿಸುವ ಖರ್ಚು ಸಗಟು ವ್ಯಾಪಾರಿ ಮತ್ತು ಔಷಧ ಅಂಗಡಿಯದು. ಟ್ಯಾಗ್ ಇಲ್ಲದ ಸರಕೇ ಹೆಚ್ಚಿರುವಾಗ ಅಂಗಡಿಯವರು ರೀಡರ್ ಕೊಳ್ಳುವುದಿಲ್ಲ. ಓದುವವರೇ ಇಲ್ಲದಿರುವಾಗ ತಯಾರಕರು ಟ್ಯಾಗ್ ಹಾಕುವುದಿಲ್ಲ. ನೀವು ಮೊದಲು, ನೀವು ಮೊದಲು ಎಂದು ಇಬ್ಬರೂ ಬಾಗಿಲಲ್ಲೇ ನಿಂತರು.

ಅಷ್ಟರಲ್ಲಿ ಮುದ್ರಿತ ಚೌಕ ಕೋಡ್ ಗೆದ್ದಿತು. ಡೇಟಾಮ್ಯಾಟ್ರಿಕ್ಸ್ ಎಂಬ ಆ ಸಣ್ಣ ಚುಕ್ಕೆಗಳ ಚೌಕಕ್ಕೆ ತಗಲುವ ಖರ್ಚು ಬಹುಮಟ್ಟಿಗೆ ಶಾಯಿಯದ್ದು. 2013ರಲ್ಲಿ ಅಮೆರಿಕ ತನ್ನ ಔಷಧ ಪೂರೈಕೆ ಸರಪಳಿ ಭದ್ರತಾ ಕಾಯ್ದೆ ತಂದಾಗ ಪೊಟ್ಟಣದ ಮೇಲೆ ಬೇಕೆಂದು ಹೇಳಿದ್ದು ಈ ಎರಡು ಆಯಾಮದ ಕೋಡ್. ಪೂರ್ಣ ಜಾರಿಗೆ ಹತ್ತು ವರ್ಷಗಳ ಗಡುವು ಕೊಟ್ಟು, ಬಳಿಕ ಅದನ್ನೂ ಸಡಿಲಿಸಬೇಕಾಯಿತು. ಯುರೋಪ್ ಒಕ್ಕೂಟ 2011ರಲ್ಲಿ ನಿರ್ದೇಶನ ಹೊರಡಿಸಿ, 2019ರ ಫೆಬ್ರವರಿ 9ರಿಂದ ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಗಳಿಗೆ ಕಡ್ಡಾಯ ಮಾಡಿತು. ರಷ್ಯಾ 2020ರ ಜುಲೈನಲ್ಲಿ ಇದೇ ದಾರಿ ಹಿಡಿಯಿತು. ಭಾರತ 2023ರ ಆಗಸ್ಟ್ 1ರಿಂದ 300 ಔಷಧ ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯಗೊಳಿಸಿತು. ಅದರಲ್ಲಿ ಉತ್ಪನ್ನದ ಗುರುತು ಸಂಖ್ಯೆ, ತಯಾರಕರ ವಿಳಾಸ, ಬ್ಯಾಚ್, ತಯಾರಿಕೆಯ ಮತ್ತು ಅವಧಿಯ ದಿನಾಂಕ, ಪರವಾನಗಿ ಸಂಖ್ಯೆ ಇರಬೇಕು. ಆದರೆ ಪ್ರತಿ ಪೊಟ್ಟಣಕ್ಕೂ ಬೇರೆಯದೇ ಆದ ಸರಣಿ ಸಂಖ್ಯೆ ಬೇಕೆಂದು ಆ ಪಟ್ಟಿ ಬಿಡಿಸಿ ಹೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದು ಸಣ್ಣ ಲೋಪವಲ್ಲ. ಇಡೀ ಬ್ಯಾಚಿಗೆ ಒಂದೇ ಕೋಡ್ ಇದ್ದರೆ, ಒಂದು ಪೊಟ್ಟಣದ ಚಿತ್ರ ತೆಗೆದು ಹತ್ತು ಸಾವಿರ ನಕಲಿ ಪೊಟ್ಟಣಗಳ ಮೇಲೆ ಮುದ್ರಿಸಬಹುದು. ಪ್ರತಿಯೊಂದೂ ಸ್ಕ್ಯಾನ್ ಆದಾಗ ಸರಿಯಾದ ವಿವರವನ್ನೇ ತೋರಿಸುತ್ತದೆ. ಒಂದೊಂದಕ್ಕೂ ಬೇರೆ ಸಂಖ್ಯೆ ಇದ್ದು, ಅದು ಮಾರಾಟವಾದ ಕ್ಷಣವೇ ದಾಖಲೆಯಲ್ಲಿ ಮುಚ್ಚಿಹೋಗುವ ವ್ಯವಸ್ಥೆ ಇದ್ದರೆ ಮಾತ್ರ ಎರಡನೆಯ ಪೊಟ್ಟಣ ಸಿಕ್ಕಿಬೀಳುತ್ತದೆ. ಒಜೆಂಪಿಕ್ ನಕಲು ಸಿಕ್ಕಿಬೀಳಲು ಕಾರಣವಾದದ್ದು ಚಾಲ್ತಿಯಲ್ಲಿಲ್ಲದ ಸಂಖ್ಯೆಯನ್ನು ಗುರುತಿಸಬಲ್ಲ ಇಂಥ ದಾಖಲೆ.

ನಕಲಾಗದ ಟ್ಯಾಗ್, ಬದಲಾಗುವ ಸರಕು

ರೇಡಿಯೊ ಟ್ಯಾಗ್ ಎಂದ ಮಾತ್ರಕ್ಕೆ ನಕಲು ಮಾಡಲಾಗದು ಎಂಬ ನಂಬಿಕೆ ತಪ್ಪು. ಅಗ್ಗದ ಟ್ಯಾಗ್‌ನ ಸಂಖ್ಯೆಯನ್ನು ಯಾವ ರೀಡರ್ ಬೇಕಾದರೂ ಓದುತ್ತದೆ, ಖಾಲಿ ಟ್ಯಾಗ್‌ಗೆ ಅದನ್ನೇ ಬರೆಯಬಹುದು. ಚಿಪ್ ತಯಾರಿಸುವವರು ಬದಲಿಸಲಾಗದಂತೆ ಬರೆದಿಡುವ ಇನ್ನೊಂದು ಸಂಖ್ಯೆ ಒಳಗಿರುತ್ತದೆ. ಅದು ನಕಲುಗಾರರ ಕೆಲಸವನ್ನು ಕಷ್ಟವಾಗಿಸುತ್ತದೆ, ಆದರೆ ಅದೂ ಬಿಚ್ಚಿಟ್ಟ ಸಂಖ್ಯೆಯೇ. ನಿಜವಾದ ಕಾವಲು ಇರುವುದು ಗುಪ್ತಲಿಪಿಯ ಚಿಪ್‌ಗಳಲ್ಲಿ. ಅವುಗಳೊಳಗೆ ಎಂದೂ ಹೊರಬಾರದ ಒಂದು ಗುಟ್ಟಿನ ಕೀಲಿ ಇರುತ್ತದೆ. ಫೋನ್ ತಾಗಿಸಿದಾಗಲೆಲ್ಲ ಚಿಪ್ ಆ ಕೀಲಿಯಿಂದ ಹೊಸದೊಂದು ಉತ್ತರ ಲೆಕ್ಕಹಾಕಿ ಕೊಡುತ್ತದೆ. ನಿನ್ನೆಯ ಉತ್ತರವನ್ನು ಕದ್ದವನಿಗೆ ಇವತ್ತು ಅದರಿಂದ ಉಪಯೋಗವಿಲ್ಲ. ಇನ್ನು ಕೆಲವು ಟ್ಯಾಗ್‌ಗಳಲ್ಲಿ ಮುಚ್ಚಳದ ಮೇಲೆ ಹಾದುಹೋಗುವ ಕೂದಲೆಳೆಯಂಥ ತಂತಿಯೊಂದಿರುತ್ತದೆ. ಬಾಟಲಿ ತೆರೆದಾಗ ತಂತಿ ತುಂಡಾಗುತ್ತದೆ, ಒಮ್ಮೆ ತೆರೆದಾಗಿದೆ ಎಂದು ಚಿಪ್ ಮುಂದೆಂದೂ ಮರೆಯದೆ ಹೇಳುತ್ತದೆ.

ಆ ತಂತಿ ಏಕೆ ಬೇಕು ಎಂಬುದನ್ನು ಗಿಲಿಯಡ್ ಕಂಪನಿಯ ಪ್ರಕರಣ ಕಲಿಸಿತು. ತನ್ನ ಎಚ್‌ಐವಿ ಔಷಧಗಳಾದ ಬಿಕ್ಟಾರ್ವಿ ಮತ್ತು ಡೆಸ್ಕೊವಿಯ 85 ಸಾವಿರಕ್ಕೂ ಹೆಚ್ಚು ನಕಲಿ ಬಾಟಲಿಗಳು ಎರಡು ವರ್ಷಗಳಲ್ಲಿ ಅಮೆರಿಕದ ಸರಪಳಿಗೆ ನುಸುಳಿವೆ ಎಂದು ಅದು ನ್ಯಾಯಾಲಯದಲ್ಲಿ ಆರೋಪಿಸಿತು. ಆ ಮೊಕದ್ದಮೆಯ ದಾಖಲೆಗಳು ಬಹಿರಂಗವಾದದ್ದು 2022ರ ಜನವರಿಯಲ್ಲಿ. ನಕಲಿ ಎಂದದ್ದು ಸರಕಿಗೆ, ಹೊರಗಿನ ಬಾಟಲಿಗಳು ಅಸಲಿಯವೇ. ಎಲ್ಲಿಂದ ಯಾರ ಕೈಗೆ ಬಂತೆಂದು ಹೇಳುವ ಕಾಗದ ಸುಳ್ಳು. ಕೆಲವು ಬಾಟಲಿಗಳೊಳಗೆ ಮನೋರೋಗಕ್ಕೆ ಕೊಡುವ ಕ್ವೆಟಿಯಾಪಿನ್ ಮಾತ್ರೆಗಳಿದ್ದವು. ಎಚ್‌ಐವಿ ಮಾತ್ರೆ ತಪ್ಪಿಸಿದರೆ ವೈರಸ್ ಮತ್ತೆ ತಲೆಯೆತ್ತುತ್ತದೆ. ಇಲ್ಲಿ ರೋಗಿ ಅದನ್ನು ತಪ್ಪಿಸುತ್ತಿದ್ದುದು ತಿಳಿಯದೆ, ಜೊತೆಗೆ ತನಗೆ ಬೇಡದ ಪ್ರಬಲ ಔಷಧವನ್ನು ನುಂಗುತ್ತಾ. ಇಂಥ ಬಾಟಲಿಗೆ ಎಷ್ಟೇ ಗಟ್ಟಿಯಾದ ಗುಪ್ತಲಿಪಿಯ ಟ್ಯಾಗ್ ಇದ್ದರೂ, ಮುಚ್ಚಳ ತೆರೆದದ್ದು ಅದಕ್ಕೆ ತಿಳಿಯದಿದ್ದರೆ, ಟ್ಯಾಗ್ ಪ್ರಾಮಾಣಿಕವಾಗಿಯೇ ಸುಳ್ಳಿನ ಪರ ಸಾಕ್ಷಿ ಹೇಳುತ್ತಿತ್ತು. ಅದಕ್ಕೆ ಗೊತ್ತಿರುವುದು ತಾನು ಅಂಟಿಕೊಂಡ ಬಾಟಲಿಯ ವಿಚಾರವಷ್ಟೇ.

ಇನ್ನೊಂದು ಹೆಜ್ಜೆ ಹಿಂದೆ ಹೋದರೆ ಟ್ಯಾಗ್ ಪೂರ್ತಿ ಕುರುಡು. 2022ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗ್ಯಾಂಬಿಯಾದಲ್ಲಿ ಸಿಕ್ಕ ನಾಲ್ಕು ಮಕ್ಕಳ ಸಿರಪ್‌ಗಳ ಬಗ್ಗೆ ಎಚ್ಚರಿಸಿತು. ಅವುಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಮತ್ತು ಎಥಿಲೀನ್ ಗ್ಲೈಕಾಲ್ ಎಂಬ ವಿಷಗಳು ಅಪಾಯದ ಪ್ರಮಾಣದಲ್ಲಿದ್ದವು. ಅರವತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತಿದ್ದರು. ಇದು ಹೊರಗಿನವರು ಹೆಸರು ಕದ್ದು ಮಾಡಿದ ನಕಲಲ್ಲ. 2008ರಲ್ಲಿ ಹೆಪಾರಿನ್ ಎಂಬ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧದ ಕಚ್ಚಾವಸ್ತುವಿನಲ್ಲಿ ಅಗ್ಗದ ಬೆರಕೆ ಸಿಕ್ಕಿತು. ಅಂದಿನ ನಿಗದಿತ ಪರೀಕ್ಷೆಗಳನ್ನು ದಾಟಿಬರುವಷ್ಟು ಅದು ಹೆಪಾರಿನ್ನಿಗೆ ಹತ್ತಿರವಾಗಿತ್ತು. ಇಂಥ ಬಾಟಲಿಗಳಿಗೆ ಕಾರ್ಖಾನೆಯಲ್ಲೇ ಟ್ಯಾಗ್ ಬೀಳುತ್ತದೆ, ಅದರ ಹಾದಿ ಆರಂಭದಿಂದ ಕೊನೆಯವರೆಗೂ ನಿಷ್ಕಳಂಕವಾಗಿರುತ್ತದೆ. ಒಳಗಿರುವುದನ್ನು ಕಾಣಬಲ್ಲದ್ದು ಪ್ರಯೋಗಾಲಯ ಮಾತ್ರ. ಕೆಳ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ವೈದ್ಯಕೀಯ ಉತ್ಪನ್ನ ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜಿಸಿದಾಗ ಎರಡೂ ಪದಗಳನ್ನು ಒಟ್ಟಿಗೆ ಬಳಸಿದ್ದನ್ನು ನೆನಪಿಡಬೇಕು. ನಕಲಿಗೆ ಟ್ಯಾಗ್ ಅಡ್ಡಿಯಾದೀತು. ಕಳಪೆಗೆ ಅದು ಅಡ್ಡಿಯೇ ಅಲ್ಲ. ಔಷಧ ಪರೀಕ್ಷಕರ ಹುದ್ದೆಗಳನ್ನು ಖಾಲಿ ಬಿಟ್ಟು ಕೋಡ್ ಮುದ್ರಣಕ್ಕೆ ಸಂಭ್ರಮಿಸುವ ಯಾವ ಸರ್ಕಾರವೂ ತನ್ನ ಜನರಿಗೆ ನ್ಯಾಯ ಮಾಡುತ್ತಿಲ್ಲ ಎಂದು ನಾನು ಹೇಳುತ್ತೇನೆ.

239 ಜನ ಹುಡುಕಿದ ಕಥೆ

ಹಾಗಿದ್ದರೆ ವಿಷ ಬೆರೆತ ಔಷಧದ ಮುಂದೆ ಟ್ಯಾಗ್‌ಗೆ ಕೆಲಸವೇ ಇಲ್ಲವೇ? ಇದೆ. ಅದನ್ನು ಅರಿಯಲು 1937ಕ್ಕೆ ಹೋಗಬೇಕು. ಆ ವರ್ಷ ಅಮೆರಿಕದಲ್ಲಿ ಸೋಂಕಿಗೆ ಕೊಡುವ ಸಲ್ಫಾನಿಲಮೈಡ್ ಔಷಧವನ್ನು ಇದೇ ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ, ಕುಡಿಯಲು ರುಚಿಯಾದ ಎಲಿಕ್ಸಿರ್ ಆಗಿ ಮಾರಲಾಯಿತು. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳಷ್ಟು ಮಕ್ಕಳು. ಒಟ್ಟು ತಯಾರಾಗಿದ್ದದ್ದು 240 ಗ್ಯಾಲನ್. ಅದನ್ನು ಹುಡುಕಿ ತರಲು ಎಫ್‌ಡಿಎ ತನ್ನ 239 ತನಿಖಾಧಿಕಾರಿಗಳು ಮತ್ತು ರಸಾಯನಶಾಸ್ತ್ರಜ್ಞರಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ಹೊರಡಿಸಿತು. ಅವರು ಔಷಧ ಅಂಗಡಿಗಳ ಮಾರಾಟ ಚೀಟಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ತಿರುವಿ ಹಾಕಿದರು. ಕೆಲವು ಚೀಟಿಗಳಲ್ಲಿ ಹೆಸರೂ ಸರಿಯಾಗಿರಲಿಲ್ಲ. ಮೂರು ವರ್ಷದ ಮಗುವೊಂದರ ಕುಟುಂಬ ಔಷಧ ಕೊಂಡ ಮೇಲೆ ಬೆಟ್ಟದ ಸೀಮೆಗೆ ಹೊರಟುಹೋಗಿತ್ತು. ಆ ಮಗುವನ್ನು ಹುಡುಕಲು ಒಬ್ಬ ವೈದ್ಯರು ತಮ್ಮ ಮದುವೆಯನ್ನೇ ಮುಂದೂಡಿ ಎಫ್‌ಡಿಎ ರಸಾಯನಶಾಸ್ತ್ರಜ್ಞನ ಜೊತೆ ಹೊರಟರು. ಕೊನೆಗೆ 234 ಗ್ಯಾಲನ್‌ಗಿಂತ ತುಸು ಹೆಚ್ಚು ವಾಪಸು ಸಿಕ್ಕಿತು. ಉಳಿದ ಆರಕ್ಕೂ ಕಡಿಮೆ ಗ್ಯಾಲನ್ ಕೊಂದದ್ದು ಅಷ್ಟು ಜನರನ್ನು.

ಔಷಧವನ್ನು ಹಿಂಬಾಲಿಸುವುದು ಅಂದರೆ ಏನೆಂದು ನನಗೆ ಮನದಟ್ಟಾದದ್ದು ಇದನ್ನು ಓದಿದಾಗ. ಅವರು ಕಾಲ್ನಡಿಗೆಯಲ್ಲಿ, ಕಾಗದದ ಚೀಟಿ ಹಿಡಿದು ಮಾಡಿದ ಕೆಲಸವನ್ನೇ ಸರಣಿ ಸಂಖ್ಯೆ ಕ್ಷಣಗಳಲ್ಲಿ ಮಾಡಬಲ್ಲದು. ಯಾವ ಬಾಟಲಿ ಯಾವ ಊರಿನ ಯಾವ ಅಂಗಡಿಯ ಕಪಾಟಿನಲ್ಲಿದೆ, ಯಾವುದು ಆಗಲೇ ಮಾರಾಟವಾಗಿದೆ ಎಂದು ಅದು ಹೇಳಬಲ್ಲದು. 1982ರಲ್ಲಿ ಶಿಕಾಗೊ ಪ್ರದೇಶದಲ್ಲಿ ಯಾರೋ ನೋವು ನಿವಾರಕ ಟೈಲೆನಾಲ್ ಕ್ಯಾಪ್ಸೂಲ್‌ಗಳಿಗೆ ಸಯನೈಡ್ ತುಂಬಿ ಏಳು ಜನ ಸತ್ತಾಗ, ತಯಾರಕರು ದೇಶದುದ್ದಗಲಕ್ಕೂ ಸುಮಾರು 3.1 ಕೋಟಿ ಬಾಟಲಿಗಳನ್ನು ಹಿಂದಕ್ಕೆ ಪಡೆದರು. ವಿಷ ಎಲ್ಲೆಲ್ಲಿದೆ ಎಂದು ತಿಳಿಯಲು ದಾರಿಯಿರಲಿಲ್ಲ. ನಕಲಿ ಹಿಡಿಯುವುದೇ ಟ್ಯಾಗ್‌ನ ಮೊದಲ ಗುಣ ಎಂದು ಮಾರುವವರು ಹೇಳುತ್ತಾರೆ. ಬ್ಯಾಚ್ ಕೆಟ್ಟಿದೆ ಎಂದು ತಿಳಿದ ಗಂಟೆಯೊಳಗೆ ಅದನ್ನು ಕಪಾಟಿನಿಂದ ಇಳಿಸುವುದೇ ಅದರ ಮೊದಲ ಗುಣ ಎಂದು ನಾನು ಎಣಿಸುತ್ತೇನೆ.

ಆಸ್ಪತ್ರೆಯೊಳಗೆ ರೇಡಿಯೊ ಟ್ಯಾಗ್ ಸದ್ದಿಲ್ಲದೆ ನೆಲೆಯೂರಿರುವುದೂ ಇದೇ ಕಾರಣಕ್ಕೆ. ಶಸ್ತ್ರಚಿಕಿತ್ಸೆಯ ಕೊಠಡಿಗೆ ಹೋಗುವ ತುರ್ತು ಔಷಧಗಳ ತಟ್ಟೆಯಲ್ಲಿ ಹತ್ತಾರು ಸೀಸೆಗಳಿರುತ್ತವೆ. ಪ್ರತಿ ಸಲ ಅವನ್ನು ಕೈಯಿಂದ ಎಣಿಸಿ, ಅವಧಿ ನೋಡಿ, ಬಳಸಿದ್ದನ್ನು ತುಂಬಬೇಕು. ಟ್ಯಾಗ್ ಇದ್ದರೆ ತಟ್ಟೆಯನ್ನು ರೀಡರ್ ಇರುವ ಒಂದು ಪೆಟ್ಟಿಗೆಯೊಳಗೆ ಇಟ್ಟರೆ ಸಾಕು, ಏನು ಕಡಿಮೆಯಿದೆ, ಯಾವುದರ ಅವಧಿ ಮುಗಿಯುತ್ತಿದೆ ಎಂಬ ಪಟ್ಟಿ ಬರುತ್ತದೆ. ಫ್ರೆಸೀನಿಯಸ್ ಕಾಬಿಯಂಥ ತಯಾರಕರು ಅರಿವಳಿಕೆ ಔಷಧಗಳ ಸೀಸೆಗೇ ಟ್ಯಾಗ್ ಅಂಟಿಸಿ ಕಳಿಸುತ್ತಿದ್ದಾರೆ. ಓದುವವರೂ ಲಾಭ ಪಡೆಯುವವರೂ ಒಂದೇ ಸೂರಿನಡಿ ಇರುವುದರಿಂದ ಅಲ್ಲಿ ಬಾಗಿಲಲ್ಲಿ ನಿಲ್ಲುವ ಸಮಸ್ಯೆ ಇಲ್ಲ.

ಕೇಳುವವರು ಯಾರು

ಟರ್ಕಿ 2010ರಲ್ಲಿ ಪೊಟ್ಟಣಕ್ಕೊಂದು ಸಂಖ್ಯೆಯ ವ್ಯವಸ್ಥೆ ಜಾರಿಗೆ ತಂದ ಮೊದಲಿಗರಲ್ಲಿ ಒಂದು. ಅದನ್ನು ಅತ್ತ ದೂಡಿದ್ದರಲ್ಲಿ ದೊಡ್ಡ ಪಾಲು ಹಣದ ಸೋರಿಕೆಯದು. ಪೊಟ್ಟಣದಿಂದ ಕತ್ತರಿಸಿದ ಬೆಲೆಚೀಟಿ ತೋರಿಸಿ ಸರ್ಕಾರಿ ವಿಮೆಯಿಂದ ಹಣ ಪಡೆಯುವ ಹಳೆಯ ಪದ್ಧತಿಯಲ್ಲಿ ಸುಳ್ಳು ಚೀಟಿಗಳು ಹೇರಳವಾಗಿದ್ದವು. ಹೊಸ ವ್ಯವಸ್ಥೆಯಲ್ಲಿ ಸಂಖ್ಯೆ ದಾಖಲಾಗದ ಪೊಟ್ಟಣಕ್ಕೆ ವಿಮೆ ಹಣ ಕೊಡುವುದಿಲ್ಲ, ಒಂದು ಸಂಖ್ಯೆಗೆ ಎರಡು ಸಲ ಕೊಡುವುದಿಲ್ಲ. ಔಷಧ ಅಂಗಡಿಯವರು ಪ್ರತಿ ಪೊಟ್ಟಣವನ್ನೂ ಓದತೊಡಗಿದರು, ಓದದಿದ್ದರೆ ತಮ್ಮ ಹಣವೇ ಬರುವುದಿಲ್ಲವಲ್ಲ. ಓದುವ ಕೈಗೆ ಅದರಿಂದ ಏನಾದರೂ ದಕ್ಕಬೇಕು ಎಂಬ ಈ ಸರಳ ಸತ್ಯವನ್ನು ಬಹಳ ಯೋಜನೆಗಳು ಮರೆತಿವೆ.

ಯುರೋಪಿನ ಅನುಭವ ಇನ್ನೊಂದು ಪಾಠ ಕೊಡುತ್ತದೆ. 2019ರ ಮೊದಲ ತಿಂಗಳುಗಳಲ್ಲಿ ಎಚ್ಚರಿಕೆಗಳ ಮಳೆಯೇ ಸುರಿಯಿತು. ಅವುಗಳಲ್ಲಿ ಬಹುಪಾಲು ಹುಸಿ. ತಯಾರಕರು ಸಂಖ್ಯೆಗಳನ್ನು ಕೇಂದ್ರ ದಾಖಲೆಗೆ ಕಳಿಸಲು ಮರೆತಿದ್ದರು. ಅಂಗಡಿಯ ಸ್ಕ್ಯಾನರ್‌ಗಳ ಹೊಂದಾಣಿಕೆ ತಪ್ಪಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರವಾಗಿ, ಸಣ್ಣದು ದೊಡ್ಡದಾಗಿ ಓದಲ್ಪಡುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಹುಸಿಯಾಗಿ ಬಡಿದುಕೊಳ್ಳುವ ಗಂಟೆಯನ್ನು ಇಪ್ಪತ್ತೊಂದನೆಯ ಸಲ ಯಾರು ತಲೆಯೆತ್ತಿ ನೋಡುತ್ತಾರೆ? ನಾಲ್ಕು ವರ್ಷಗಳ ನಂತರ ಒಜೆಂಪಿಕ್ ನಕಲನ್ನು ಅದೇ ವ್ಯವಸ್ಥೆ ಹಿಡಿದಿದ್ದರೆ, ಅದರ ಹಿಂದೆ ಈ ಹುಸಿಗಳನ್ನು ಒಂದೊಂದಾಗಿ ನಿವಾರಿಸಿದ ಬೇಸರದ, ಯಾರೂ ಹೊಗಳದ ದುಡಿಮೆಯಿದೆ.

ಇವೆಲ್ಲದರಲ್ಲೂ ರೋಗಿ ಹೊರಗೇ ನಿಂತಿದ್ದಾನೆ. ಅವನ ಕೈಯಲ್ಲೇ ಪ್ರಶ್ನೆಯನ್ನು ಇಟ್ಟದ್ದು ಆಫ್ರಿಕ. ನೈಜೀರಿಯಾದ ಔಷಧ ನಿಯಂತ್ರಣ ಸಂಸ್ಥೆಯನ್ನು 2001ರಿಂದ ಮುನ್ನಡೆಸಿದ ಡೋರಾ ಅಕುನ್ಯಿಲಿ ತಮ್ಮ ಒಡಹುಟ್ಟಿದವಳನ್ನು ನಕಲಿ ಇನ್ಸುಲಿನ್‌ನಿಂದ ಕಳೆದುಕೊಂಡವರು. ನಕಲಿ ಔಷಧದ ಜಾಲಗಳ ವಿರುದ್ಧ ಅವರ ಹೋರಾಟ ಜಗತ್ತಿಗೆ ತಿಳಿದಿದೆ. ಅವರ ಅವಧಿಯ ನಂತರ, 2010ರಲ್ಲಿ, ಆ ಸಂಸ್ಥೆ ಮೊಬೈಲ್ ಸಂದೇಶದ ಪರಿಶೀಲನೆಯನ್ನು ಜಾರಿಗೆ ತಂದಿತು. ಅದಕ್ಕೂ ಮುಂಚೆ ಘಾನಾದ ಬ್ರೈಟ್ ಸೈಮನ್ಸ್ ಎಂಪೆಡಿಗ್ರಿ ಎಂಬ ಸಂಸ್ಥೆಯ ಮೂಲಕ ಇದರ ದಾರಿ ತೋರಿಸಿದ್ದರು. ಪೊಟ್ಟಣದ ಮೇಲಿನ ಲೇಪವನ್ನು ಉಗುರಿನಿಂದ ಕೆರೆದರೆ ಸಂಖ್ಯೆ ಕಾಣುತ್ತದೆ. ಅದನ್ನು ಸಂದೇಶವಾಗಿ ಕಳಿಸಿದರೆ, ಔಷಧ ಅಸಲಿಯೇ ಅಲ್ಲವೇ ಎಂಬ ಉತ್ತರ ಬರುತ್ತದೆ. ಚಿಪ್ ಬೇಡ, ರೀಡರ್ ಬೇಡ, ದುಬಾರಿ ಫೋನೂ ಬೇಡ. ಇದೂ ಪರಿಪೂರ್ಣವಲ್ಲ. ನಕಲಿ ಪೊಟ್ಟಣದ ಮೇಲೆ ಸಂದೇಶ ಕಳಿಸಬೇಕಾದ ಸಂಖ್ಯೆಯನ್ನೇ ಬದಲಿಸಿ ಮುದ್ರಿಸಿದರೆ ಉತ್ತರ ಕೊಡುವವನು ವಂಚಕನೇ ಆಗಿರುತ್ತಾನೆ. ಕ್ಯೂಆರ್ ಕೋಡ್‌ಗೂ ಇದೇ ಅಪಾಯವಿದೆ, ಅದು ಸುಳ್ಳು ಜಾಲತಾಣಕ್ಕೆ ಕರೆದೊಯ್ಯಬಹುದು. ಪ್ರಶ್ನೆ ಕೇಳುವ ದಾರಿ ಪೊಟ್ಟಣದಿಂದ ಬರಬಾರದು, ಜನರಿಗೆ ಮೊದಲೇ ತಿಳಿದಿರುವ ಒಂದೇ ಸರ್ಕಾರಿ ಸಂಖ್ಯೆ ಅಥವಾ ಆ್ಯಪ್ ಆಗಿರಬೇಕು. ಲಸಿಕೆಯ ಸೀಸೆಯ ಮೇಲೆ 1996ರಿಂದ ಬರುತ್ತಿರುವ, ಬಿಸಿ ತಾಗಿದರೆ ಬಣ್ಣ ಬದಲಿಸುವ ಪುಟ್ಟ ಚೌಕ ನೆನಪಾಗುತ್ತದೆ. ವಿದ್ಯುತ್ತಿಲ್ಲದ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯೂ ಅದನ್ನು ಕಣ್ಣಿನಿಂದಲೇ ಓದುತ್ತಾಳೆ.

ಖಾಸಗಿತನದ ಮಾತು ಆಡದಿರುವಂತಿಲ್ಲ. ಟ್ರೈಜಿವಿರ್ ಬಾಟಲಿಗೆ ಟ್ಯಾಗ್ ಹಾಕಿದರೆ, ಅದನ್ನು ಚೀಲದಲ್ಲಿಟ್ಟು ನಡೆಯುವವನಿಗೆ ಎಚ್‌ಐವಿ ಇದೆ ಎಂದು ಪಕ್ಕದಲ್ಲಿ ರೀಡರ್ ಹಿಡಿದು ನಿಂತವನಿಗೆ ತಿಳಿಯಬಹುದಲ್ಲವೇ? ಉತ್ತರ ತಂತ್ರದಲ್ಲೇ ಇದೆ. ದೂರ ಓದುವ ಟ್ಯಾಗ್‌ಗಳ ಪ್ರಚಲಿತ ಮಾನದಂಡದಲ್ಲಿ ಅದನ್ನು ಶಾಶ್ವತವಾಗಿ ಮೂಕವಾಗಿಸುವ ಆಜ್ಞೆಯಿದೆ. ಅಂಗಡಿಯಲ್ಲಿ ಮಾರುವಾಗ ಆ ಆಜ್ಞೆ ಕೊಡುವುದು ಕಡ್ಡಾಯವಾಗಬೇಕು.

ಕೊನೆಯದಾಗಿ, ಅಂಗಡಿಯ ಕಟ್ಟೆಯ ಬಳಿ ನಡೆಯುವುದನ್ನು ಯಾವ ಮಾನದಂಡವೂ ಬರೆದಿಲ್ಲ. ಸ್ಕ್ಯಾನರ್ ಕೆಂಪು ತೋರಿಸಿದೆ. ಔಷಧಗಾರ್ತಿಯ ಕೈಯಲ್ಲಿರುವುದು ಅಂಗಡಿಯ ಕೊನೆಯ ಪೊಟ್ಟಣ. ಎದುರಿಗೆ ಇವತ್ತೇ ಚುಚ್ಚಿಕೊಳ್ಳಬೇಕಾದ ರೋಗಿ. ಹುಸಿ ಎಚ್ಚರಿಕೆಯೋ ನಿಜವೋ ಅವಳಿಗೆ ಗೊತ್ತಿಲ್ಲ. ನಿಯಮದ ಪ್ರಕಾರ ಅವಳು ಅದನ್ನು ಬದಿಗಿಡಬೇಕು, ವರದಿ ಮಾಡಬೇಕು, ಕೊಡಬಾರದು. ಆಗ ಆ ರೋಗಿ ಎಲ್ಲಿಗೆ ಹೋಗುತ್ತಾನೆ? ಸಂಖ್ಯೆ ಕೇಳದ ಇನ್ನೊಂದು ಬಾಗಿಲಿಗೆ, ಅಂತರಜಾಲದ ಹೆಸರಿಲ್ಲದ ಮಾರಾಟಗಾರನ ಬಳಿಗೆ. ಎಚ್ಚರಿಕೆ ಬಂದ ಕೂಡಲೇ ಹತ್ತಿರದ ಯಾವ ಅಂಗಡಿಯಲ್ಲಿ ಸಾಚಾ ಪೊಟ್ಟಣವಿದೆ ಎಂದು ಅದೇ ದಾಖಲೆ ಅವಳಿಗೆ ಹೇಳಬಲ್ಲದು, ಆ ಮಾಹಿತಿ ಹಂಚಿಕೊಳ್ಳಲು ವ್ಯಾಪಾರಿಗಳು ಒಪ್ಪಿದರೆ. ಸದ್ಯಕ್ಕೆ ಯಾರ ಬಳಿ ಎಷ್ಟು ದಾಸ್ತಾನಿದೆ ಎಂಬುದು ವ್ಯಾಪಾರದ ಗುಟ್ಟು. ಒಜೆಂಪಿಕ್ ನಕಲಿ ಪೆನ್‌ಗಳು ಬಂದದ್ದು ಕೂಡ ಅಸಲಿ ಪೆನ್‌ಗಳು ಯುರೋಪಿನ ಅಂಗಡಿಗಳಲ್ಲಿ ಸಿಗದೆ ಜನ ಪರದಾಡುತ್ತಿದ್ದ ತಿಂಗಳುಗಳಲ್ಲೇ.